ಹುಲಗೂರಿನಲ್ಲಿ ಐದು ವೋಲ್ಟಿನ ಬೇಟೆ

ಗುಂಡಿ ಒತ್ತಿದರು. ಏನೂ ಆಗಲಿಲ್ಲ.

ಮತ್ತೆ ಒತ್ತಿದರು. ಉಗುರು ಬೆಳ್ಳಗಾಗುವಷ್ಟು ಒತ್ತಿದರು. ಫ್ಯಾನ್ ತಿರುಗಲಿಲ್ಲ. ಬೀಪ್ ಕೂಗಲಿಲ್ಲ. ದೀಪ ಹತ್ತಲಿಲ್ಲ. ಮಾನಿಟರಿನ ಮೂಲೆಯಲ್ಲಿ ಮಾತ್ರ ಕಿತ್ತಳೆ ಬಣ್ಣದ ಚುಕ್ಕಿಯೊಂದು ಮಿಣುಕಿತು. ಕಂಪ್ಯೂಟರಿನ ಪೆಟ್ಟಿಗೆಯಿಂದ ಸುದ್ದಿ ಬರುತ್ತಿಲ್ಲ ಎಂದು ಅದರ ಅರ್ಥ.

ಅಂದು ಜುಲೈ 31. ಮುಂಗಾರಿನ ಬೆಳೆವಿಮೆ ಕಟ್ಟಲು ಕೊನೆಯ ದಿನ. ಹೊತ್ತು ಮುಳುಗಿದೆ. ತಗಡಿನ ಮೇಲೆ ಮಳೆ ಬಡಿಯುತ್ತಿದೆ. ಅರ್ಜಿ ತುಂಬುವ ಅಂಗಡಿಯ ಕಟ್ಟೆಯಿಂದ ರಸ್ತೆವರೆಗೆ ರೈತರ ಸಾಲು. ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಚೀಲದಲ್ಲಿ ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್. ರಾತ್ರಿ 12ಕ್ಕೆ ಪೋರ್ಟಲ್ ಮುಚ್ಚುತ್ತದೆ. ಅಲ್ಲಿಗೆ ಹೋಗಲು ಇರುವುದು ಈ ಒಂದೇ ಡೆಸ್ಕ್‌ಟಾಪ್. ಅದು ಸತ್ತಿದೆ.

ಊರು ಹುಲಗೂರು. ಹಾವೇರಿ ಜಿಲ್ಲೆ, ಶಿಗ್ಗಾವಿ ತಾಲ್ಲೂಕು. ಶಿಶುನಾಳ ಶರೀಫರ ತಂದೆ ಇಮಾಮ್ ಸಾಹೇಬರು ಗುರುವೆಂದು ನಂಬಿ ನಡೆದ ಹಜರೇಶ ಖಾದ್ರಿಗಳ ಊರು. ಸುತ್ತ ಗೋವಿನಜೋಳ, ಶೇಂಗಾ, ಹತ್ತಿ. ಕಂಪ್ಯೂಟರಿನ ಬಿಡಿಭಾಗ ಬೇಕೆಂದರೆ ಹುಬ್ಬಳ್ಳಿಗೆ ಓಡಬೇಕು. ಈ ಮಳೆಯಲ್ಲಿ ಅಲ್ಲಿಗೆ ಮುಟ್ಟುವಷ್ಟರಲ್ಲಿ ಅಂಗಡಿಗಳು ಷಟರ್ ಎಳೆದಿರುತ್ತವೆ.

ಪಣಕ್ಕೆ ಬಿದ್ದದ್ದು ಸಣ್ಣದಲ್ಲ. 2016ರಲ್ಲಿ ಶುರುವಾದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಮುಂಗಾರಿನ ಆಹಾರಧಾನ್ಯ, ಎಣ್ಣೆಕಾಳಿಗೆ ರೈತ ಕಟ್ಟುವ ಪಾಲು ವಿಮಾ ಮೊತ್ತದ ಹೆಚ್ಚೆಂದರೆ ಶೇ 2. ವಾಣಿಜ್ಯ ಬೆಳೆಗೆ ಶೇ 5. ಮಳೆ ಕೈಕೊಟ್ಟ ವರ್ಷ ರೈತನ ಕೈ ಹಿಡಿಯುವುದು ಆ ವಿಮೆ. 12 ಗಂಟೆ ದಾಟಿದರೆ ಅದೂ ಇಲ್ಲ. 'ಭೂಮಿ' ಯೋಜನೆ 2000ದ ಆಚೀಚೆ ಕರ್ನಾಟಕದ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ಅಂದಿನಿಂದ ಹೊಲದ ಹಣೆಬರಹ ಕೀಬೋರ್ಡಿನ ಮೇಲೆ. ಕೀಬೋರ್ಡಿಗೆ ಜೀವ ಬರಲು ಮೊದಲು 5 ವೋಲ್ಟು ಬೇಕು. ಅವು ಎಲ್ಲೋ ಕಳೆದುಹೋಗಿವೆ.

"ಮೊಬೈಲಿನ್ಯಾಗ ಮಾಡ್ರಿ" ಎಂದರು ಯಾರೋ. ಆಗದು. ಅಂಗಡಿಯ ಲಾಗಿನ್ನಿಗೆ ಹೆಬ್ಬೆಟ್ಟಿನ ಯಂತ್ರ ಬೇಕು. ಅದರ ತಂತ್ರಾಂಶ ಸತ್ತ ಪೆಟ್ಟಿಗೆಯೊಳಗೆ ಸಿಕ್ಕಿಬಿದ್ದಿದೆ.

ಪಟ್ಟಣದ ಪರಿಚಿತನಿಗೆ ಫೋನ್ ಹೋಯಿತು. "ಮದರ್‌ಬೋರ್ಡ್ ಹೋಗಿರಬೇಕ್ರಿ. ಹೊಸಾದು ತಗೊಂಡ್ಬಿಡ್ರಿ." ಪೆಟ್ಟಿಗೆಯ ಮುಖವನ್ನೂ ನೋಡದೆ ಮರಣಪತ್ರ ಬರೆದುಕೊಟ್ಟ. ಫೋನ್ ಇಟ್ಟ.

ಅಂಗಡಿಯ ಹುಡುಗ ಕೊಡೆ ಹುಡುಕಲಿಲ್ಲ. ಮಳೆಗೆ ಜಿಗಿದ. ಕೆಸರು ತುಳಿದು ಓಡಿದ. ಪಂಪ್‌ಸೆಟ್ ಮೋಟರಿಗೆ ವೈಂಡಿಂಗ್ ಮಾಡುವ ಕಾಕಾನ ಬಾಗಿಲು ಬಡಿದ.

ಕಾಕಾ ಬಂದರು. ತಲೆಯ ಮೇಲೆ ಗೊಬ್ಬರದ ಚೀಲದ ಕೊಪ್ಪೆ. ಬಗಲಲ್ಲಿ ಪ್ಲಾಸ್ಟಿಕ್ ಡಬ್ಬಿ. ಡಬ್ಬಿಯಲ್ಲಿ ಟೆಸ್ಟರ್, ಮಲ್ಟಿಮೀಟರ್, ಪಕ್ಕಡ, ಸ್ಕ್ರೂಡ್ರೈವರ್, ಸವೆದ ಹಲ್ಲುಜ್ಜುವ ಬ್ರಷ್, ವೈಂಡಿಂಗ್ ತಂತಿಯ ತುಂಡು. ಇನ್ನೊಂದು ಕೈಯಲ್ಲಿ ಸಿರೀಸ್ ಬೋರ್ಡು. ಅಂದರೆ ಒಂದು ಹಲಗೆ, ಒಂದು ಹೋಲ್ಡರ್, 100 ವ್ಯಾಟಿನ ಹಳೆಯ ಬಲ್ಬು. ಕಂಪ್ಯೂಟರ್ ಕ್ಲಾಸಿನ ಮೆಟ್ಟಿಲು ಹತ್ತಿದವರಲ್ಲ. ಸುಟ್ಟ ಮೋಟರು, ತುಕ್ಕು ತಿಂದ ಸ್ಟಾರ್ಟರುಗಳ ನಡುವೆ ತಲೆ ಬೆಳ್ಳಗೆ ಮಾಡಿಕೊಂಡವರು.

ಪೆಟ್ಟಿಗೆ ನೋಡಿದರು. ಗಡಿಯಾರ ನೋಡಿದರು. ಜನರನ್ನು ನೋಡಿದರು.

"ಯಾರೂ ಮುಟ್ಟಬ್ಯಾಡ್ರಿ. ಮೊದಲ ಗ್ವಾಡಿ. ಆಮ್ಯಾಲೆ ಪೆಟಗಿ."

ಬೇಟೆ ಶುರುವಾಯಿತು.

ಟೆಸ್ಟರ್ ಸಾಕೆಟ್ಟಿಗಿಳಿಯಿತು. ನಿಯಾನ್ ಕೆಂಪಗೆ ಹೊಳೆಯಿತು. "ಕರೆಂಟ್ ಐತಿ!" ಎಂದು ಸಾಲು ಕೂಗಿತು. ಕಾಕಾ ಕಿವಿಗೊಡಲಿಲ್ಲ. ಟೆಸ್ಟರ್ ಹೇಳುವುದು ಅರ್ಧ ಮಾತು. ಫೇಸ್ ಬಂದಿದೆ ಎನ್ನುತ್ತದೆ, ಅಷ್ಟೇ. ನ್ಯೂಟ್ರಲ್ ಕಡಿದು ಬಿದ್ದಿದ್ದರೂ ಅದು ಹೀಗೆಯೇ ಹೊಳೆಯುತ್ತದೆ. ಮೀಟರಿನ ಎರಡೂ ಕಡ್ಡಿ ಇಳಿದವು. ಅಂಕಿ ಏರಿತು, ತೂಗಾಡಿತು, ನಿಂತಿತು. 198.

230 ಇರಬೇಕಾದಲ್ಲಿ 198. ಬಡಕಲು ಕರೆಂಟು. ಆದರೂ ಜೀವಂತ. ಪೆಟ್ಟಿಗೆಯೊಳಗೆ ಕರೆಂಟು ಹಂಚುವ ಡಬ್ಬಿ, ಎಸ್‌ಎಂಪಿಎಸ್, ಉಸಿರಾಡಲು ಸಾಕು.

ಕಾಕಾ ಅಷ್ಟಕ್ಕೆ ಬಿಡಲಿಲ್ಲ. ಒಂದು ಕಡ್ಡಿಯನ್ನು ಫೇಸ್‌ನಲ್ಲೇ ಬಿಟ್ಟು ಇನ್ನೊಂದನ್ನು ಮೇಲಿನ ದಪ್ಪ ತೂತಿಗೆ, ಅರ್ಥಿಂಗ್ ತೂತಿಗೆ ಚುಚ್ಚಿದರು. ಅಲ್ಲೂ ಹೆಚ್ಚುಕಡಿಮೆ ಅಷ್ಟೇ ಅಂಕಿ ಬರಬೇಕು. ಬರಲಿಲ್ಲ. ಅಂಕಿ ಏರಿತು, ಇಳಿಯಿತು, ಕುಣಿಯಿತು, ಎಲ್ಲೂ ನಿಲ್ಲಲಿಲ್ಲ. ಕಾಕಾನ ಹುಬ್ಬು ಗಂಟಿಕ್ಕಿತು. ಬಾಯಿ ಬಿಡಲಿಲ್ಲ. ಮುಂದೆ ಸರಿದರು.

ಮುಂದೆ ಯುಪಿಎಸ್. 600 ವಿಎ ಸಾಮರ್ಥ್ಯ. ತೆರೆದು ನೋಡಿದರೆ 12 ವೋಲ್ಟ್, 7 ಆಂಪಿಯರ್-ಅವರ್ ಬ್ಯಾಟರಿ ಹೊಟ್ಟೆ ಉಬ್ಬಿಸಿ ಕೂತಿದೆ. ನಂಬುವಂತಿಲ್ಲ. ಬದಿಗೆ ಸರಿಸಿದರು. ಪೆಟ್ಟಿಗೆಯನ್ನು ನೇರ ಗೋಡೆಗೆ ಕೊಟ್ಟರು. ಗುಂಡಿ. ಮೌನ.

ಕೇಬಲ್ ಒಳಗೇ ಕಡಿದಿದ್ದರೆ? ಹೊಸದು ಊರಲ್ಲಿಲ್ಲ. ಕಾಕಾನ ಕಣ್ಣು ಮಾನಿಟರಿನ ಮೇಲೆ ಬಿತ್ತು. ಅದರ ಚುಕ್ಕಿ ಮಿಣುಕುತ್ತಿದೆ ಎಂದರೆ ಅದರ ಕೇಬಲ್ ಗಟ್ಟಿಯಿದೆ. ಎರಡರ ತುದಿಯೂ ಒಂದೇ ಅಳತೆ. ಕಿತ್ತರು, ಅದಲು ಬದಲು ಮಾಡಿದರು. ಮಾನಿಟರಿನ ಚುಕ್ಕಿ ಮತ್ತೆ ಹತ್ತಿತು. ಅಂದರೆ ಎರಡೂ ಕೇಬಲ್ ಗಟ್ಟಿ. ಪೆಟ್ಟಿಗೆ ಮಾತ್ರ ಹಾಗೆಯೇ.

ಆಗ ಅನಾಹುತ ಬಾಗಿಲಲ್ಲೇ ನಿಂತಿತ್ತು.

ಕಾಕಾ ಡಬ್ಬಿಯತ್ತ ತಿರುಗಿದ್ದಷ್ಟೇ. ಸಾಲಿನಿಂದ ಹುರುಪಿನ ತರುಣನೊಬ್ಬ ಮುಂದೆ ನುಗ್ಗಿದ. ಪೆಟ್ಟಿಗೆಯ ಬೆನ್ನಲ್ಲಿ, ಪ್ಲಗ್ಗಿನ ಪಕ್ಕದಲ್ಲಿ ಸಣ್ಣ ಕೆಂಪು ಸ್ವಿಚ್ಚು ಕಂಡ. ಒಂದು ಕಡೆ 230, ಇನ್ನೊಂದು ಕಡೆ 115. "ಕರೆಂಟ್ ಕಮ್ಮಿ ಐತಲ್ರಿ, 115ಕ್ಕ ಸರಿಸಿದ್ರ ಹತ್ತತೈತಿ!" ಗೋಡೆಯ ಸ್ವಿಚ್ಚು ಆರಿಸಿದ. ಪೆನ್ನಿನ ಮೊನೆ ತೂರಿಸಿದ. ಕೆಂಪು ಸ್ವಿಚ್ಚು ಟಕ್ಕೆಂದು ಸರಿಯಿತು. ಕೈ ಮತ್ತೆ ಗೋಡೆಯತ್ತ ಹಾರಿತು.

ಕಾಕಾ ಆ ಮಣಿಕಟ್ಟು ಹಿಡಿದರು. ಬೆರಳಿಗೂ ಸ್ವಿಚ್ಚಿಗೂ ನಡುವೆ ಒಂದು ಗೇಣೂ ಇರಲಿಲ್ಲ.

ಏನಾಗುತ್ತಿತ್ತು? ಆ ಕೆಂಪು ಸ್ವಿಚ್ಚು 115ರಲ್ಲಿದ್ದಾಗ ಎಸ್‌ಎಂಪಿಎಸ್ ಒಳಬಂದದ್ದನ್ನು ದುಪ್ಪಟ್ಟು ಮಾಡುತ್ತದೆ. 230 ವೋಲ್ಟಿನ ಎಸಿ ಒಳಗೆ ಡಿಸಿಯಾದಾಗ ಸುಮಾರು 325 ವೋಲ್ಟು. ದುಪ್ಪಟ್ಟಾದರೆ 650. ಈ ಬಡಕಲು 198 ಕೂಡ 560ಕ್ಕೆ ನೆಗೆಯುತ್ತಿತ್ತು. ಒಳಗಿನ ಎರಡು ದಪ್ಪ ಕೆಪಾಸಿಟರುಗಳು ತಲಾ 200 ವೋಲ್ಟಿಗೆ ಮಾಡಿದವು. ಢಂ ಎಂದು ಸಿಡಿದು, ಹೊಗೆ ಎದ್ದು, ಬೇಟೆ ಅಲ್ಲಿಗೇ ಮುಗಿಯುತ್ತಿತ್ತು.

"ತಮ್ಮಾ, ಅದು ಅಮೆರಿಕಾದ ಕರೆಂಟಿಗೆ ಇಟ್ಟದ್ದು. ಹುಲಗೂರಿಗೆ ಬ್ಯಾಡ."

ಸ್ವಿಚ್ಚು 230ಕ್ಕೆ ಮರಳಿತು. ಗೋಡೆಯಿಂದ ಪೆಟ್ಟಿಗೆಯ ಬೆನ್ನಿನವರೆಗೆ ದಾರಿ ಸಾಫ್ ಆಯಿತು. ಇನ್ನು ಒಳಗೆ ಇಳಿಯಬೇಕು.

ಪ್ಲಗ್ ಕಿತ್ತರು. ಆಮೇಲೆ ಮುಂಭಾಗದ ಗುಂಡಿಯನ್ನು ಅರ್ಧ ನಿಮಿಷ ಅದುಮಿ ಹಿಡಿದರು. ಬೋರ್ಡಿನಲ್ಲಿ ಉಳಿದುಕೊಂಡ ಕರೆಂಟು ಹರಿದು ಹೋಗಲಿ ಎಂದು. ಸ್ಕ್ರೂ ತಿರುಗಿದವು. ಬದಿಯ ತಗಡು ಜಾರಿತು. ಮೊಬೈಲ್ ಟಾರ್ಚುಗಳು ಒಟ್ಟಿಗೆ ಹತ್ತಿದವು.

ಬೆರಳು ದಪ್ಪ ಧೂಳು. ಹಲ್ಲಿ ಮೊಟ್ಟೆಯ ಚಿಪ್ಪು. ಇರುವೆ ಸಾಲು. ಮಳೆಗಾಲದ ತೇವ ಹೀರಿದ ಧೂಳು ಬರೀ ಕಸವಲ್ಲ. ಹೋಗಬಾರದ ದಾರಿಯಲ್ಲಿ ಅಷ್ಟಿಷ್ಟು ಕರೆಂಟನ್ನು ಒಯ್ಯುತ್ತದೆ. ಬ್ರಷ್ ಓಡಿತು. ಧೂಳು ಎದ್ದಿತು. ಜನ ಕೆಮ್ಮಿದರು, ಸೀನಿದರು, ಜಾಗ ಬಿಡಲಿಲ್ಲ.

ಕಾಕಾ ಬೋರ್ಡಿನ ಮೇಲೆ ಬಗ್ಗಿದರು. ಕೆಪಾಸಿಟರುಗಳ ನೆತ್ತಿಯನ್ನು ಒಂದೊಂದಾಗಿ ಸವರಿದರು. ಚಪ್ಪಟೆಯಾಗಿದ್ದರೆ ಕ್ಷೇಮ. ಉಬ್ಬಿದ್ದರೆ, ಕಂದು ರಸ ಒಸರಿದ್ದರೆ ಸಾವು. ಈ ಶತಮಾನದ ಆರಂಭದಲ್ಲಿ ಜಗತ್ತಿನ ತುಂಬ ಲಕ್ಷಾಂತರ ಮದರ್‌ಬೋರ್ಡುಗಳು ಹೀಗೇ ಸತ್ತವು. ಕೆಪಾಸಿಟರಿನ ಒಳಗಿನ ದ್ರವ ಕೆಟ್ಟದ್ದಾಗಿತ್ತು. ಅನಿಲ ಹುಟ್ಟಿತು, ನೆತ್ತಿ ಸೀಳಿತು. ಇಡೀ ಉದ್ಯಮ ಅದನ್ನು ಪ್ಲೇಗ್ ಎಂದೇ ಕರೆಯಿತು. ಇಲ್ಲಿ ಟಾರ್ಚಿನ ಬೆಳಕಲ್ಲಿ ಎಲ್ಲ ನೆತ್ತಿಯೂ ಚಪ್ಪಟೆ.

ಹಾಗಾದರೆ ಎಸ್‌ಎಂಪಿಎಸ್ಸೇ ಸುಟ್ಟಿದೆಯೆ? ಅದರ ಹೊಟ್ಟೆ ತೆರೆಯುವಂತಿಲ್ಲ. ಪ್ಲಗ್ ಕಿತ್ತ ಮೇಲೂ ಆ ದಪ್ಪ ಕೆಪಾಸಿಟರುಗಳು ಕೊಲ್ಲುವಷ್ಟು ವೋಲ್ಟೇಜನ್ನು ಹಿಡಿದು ಕೂತಿರಬಲ್ಲವು. ತೆರೆಯದೆ ಒಳಗನ್ನು ನೋಡಬೇಕು. ಹೇಗೆ?

ಸಿರೀಸ್ ಬೋರ್ಡು ಮುಂದೆ ಬಂತು. ಗೋಡೆಯ ಕರೆಂಟು ನೇರ ಪೆಟ್ಟಿಗೆಗೆ ಹೋಗುವುದಿಲ್ಲ, 100 ವ್ಯಾಟಿನ ಬಲ್ಬನ್ನು ದಾಟಿ ಹೋಗುತ್ತದೆ. ಎಸ್‌ಎಂಪಿಎಸ್ ಒಳಗೆ ಷಾರ್ಟ್ ಇದ್ದರೆ ಬಲ್ಬು ಪೂರ್ತಿ ಉರಿಯುತ್ತದೆ, ಫ್ಯೂಸು ಉಳಿಯುತ್ತದೆ. ಸುಟ್ಟ ಮೋಟರಿಗೆ ಹೂಡುವ ಉಪಾಯವನ್ನೇ ಕಾಕಾ ಕಂಪ್ಯೂಟರಿಗೆ ಹೂಡಿದರು.

"ಹಿಂದ ಸರೀರಿ."

ಸ್ವಿಚ್ಚು ಬಿತ್ತು. ಬಲ್ಬು ಭಗ್ಗೆಂದು ಉರಿಯಿತು. ಜನ ಉಸಿರು ಬಿಗಿಹಿಡಿದರು.

ಕಣ್ಣು ಮಿಟುಕುವಷ್ಟರಲ್ಲಿ ಆರಿತು. ಕಾಕಾ ನಕ್ಕರು. ಭಗ್ಗೆಂದದ್ದು ಕೆಪಾಸಿಟರುಗಳು ತುಂಬಿಕೊಂಡ ಹೊತ್ತು. ಆರಿದ್ದು ಅವು ತುಂಬಿದ ಗುರುತು. ಷಾರ್ಟ್ ಇಲ್ಲ. ಒಳಗೆ ಜೀವ ಇದೆ. ಬಲ್ಬು ತೆಗೆದು ನೇರ ಕೊಟ್ಟರು.

ಆದರೂ ಕರೆಂಟು ಮುಟ್ಟಿದ್ದನ್ನು ಸಾರುವ, ಬೋರ್ಡಿನ ಮೂಲೆಯ ಹಸಿರು ದೀಪ ಹತ್ತಲಿಲ್ಲ. ಏಕೆ?

ಇಲ್ಲೊಂದು ಗುಟ್ಟು. 1995ರಲ್ಲಿ ಇಂಟೆಲ್ ಎಟಿಎಕ್ಸ್ ಎಂಬ ಅಳತೆಪಟ್ಟಿ ತಂದಿತು. ಅದಕ್ಕೂ ಮೊದಲು ಕಂಪ್ಯೂಟರಿನ ಗುಂಡಿ ಗೋಡೆಯ ಕರೆಂಟನ್ನೇ ಕಡಿಯುತ್ತಿತ್ತು, ಕೂಡಿಸುತ್ತಿತ್ತು. ಎಟಿಎಕ್ಸ್ ಬಂದ ಮೇಲೆ ಗುಂಡಿ ಬರೀ ಸುದ್ದಿ ಮುಟ್ಟಿಸುತ್ತದೆ. ಪ್ಲಗ್ ಸಿಕ್ಕಿಸಿದ ಕ್ಷಣದಿಂದ ನೇರಳೆ ತಂತಿಯಲ್ಲಿ 5 ವೋಲ್ಟು ಹರಿಯುತ್ತಲೇ ಇರುತ್ತದೆ. ಯಂತ್ರ ಮಲಗಿದ್ದರೂ ಅದು ಹೊಲದ ಕಾವಲುಗಾರನ ಹಾಗೆ ಎಚ್ಚರ. ಗುಂಡಿ ಒತ್ತಿದರೆ ಬೋರ್ಡು ಹಸಿರು ತಂತಿಯನ್ನು ನೆಲಕ್ಕೆ, ಅಂದರೆ ಕಪ್ಪು ತಂತಿಗೆ, ಜೋಡಿಸುತ್ತದೆ. ಆಗ 12, 5, 3.3 ವೋಲ್ಟುಗಳು ಒಟ್ಟಿಗೆ ನುಗ್ಗುತ್ತವೆ. ಕಾವಲುಗಾರನೇ ಬಿದ್ದಿದ್ದರೆ ಗುಂಡಿ ಎಷ್ಟು ಒತ್ತಿದರೂ ಕೇಳುವವರಿಲ್ಲ.

ಬೋರ್ಡಿಗೆ ಕಚ್ಚಿದ 24 ಪಿನ್ನಿನ ಕನೆಕ್ಟರು. ಅದರ ಬೆನ್ನಿಗೆ, ನೇರಳೆ ತಂತಿಯ ಬುಡಕ್ಕೆ ಮೀಟರಿನ ಕಡ್ಡಿ ಇಳಿಯಿತು. 5 ಬರಬೇಕು. ಬಂದದ್ದು 0.6.

ಸ್ವಿಚ್ಚು ಬಂದ್. ಕನೆಕ್ಟರ್ ಬೋರ್ಡಿನಿಂದ ಕಿತ್ತರು. ಸ್ವಿಚ್ಚು ಚಾಲೂ. ಮತ್ತೆ ಕಡ್ಡಿ ಇಳಿಯಿತು.

5.1!

ಒಂಟಿಯಾಗಿದ್ದರೆ 5.1. ಬೋರ್ಡಿಗೆ ಜೋಡಿಸಿದರೆ 0.6. ಸಾಲದ್ದಕ್ಕೆ ಕಾಕಾ ಇನ್ನೊಂದು ಸಾಕ್ಷಿ ಬೇಡಿದರು. ವೈಂಡಿಂಗ್ ತಂತಿಯ ತುಂಡು ತೆಗೆದರು. ಎರಡೂ ತುದಿಯ ಎನಾಮಲನ್ನು ಬ್ಲೇಡಿನಿಂದ ಕೆರೆದರು. ಕೆರೆಯದಿದ್ದರೆ ಅದು ಕರೆಂಟು ದಾಟಿಸದು. ಎಸ್‌ಎಂಪಿಎಸ್ಸಿಗೆ ಹೊರೆ ಇರಲಿ ಎಂದು ಡಿವಿಡಿ ಡ್ರೈವ್ ಜೋಡಿಸಿಯೇ ಬಿಟ್ಟರು. ಸ್ವಿಚ್ಚು ಬಂದ್ ಮಾಡಿ, ಕನೆಕ್ಟರಿನ ಹಸಿರು ತಂತಿಗೂ ಪಕ್ಕದ ಕಪ್ಪು ತಂತಿಗೂ ತಾಮ್ರವನ್ನು U ಆಕಾರಕ್ಕೆ ಬಗ್ಗಿಸಿ ತೂರಿಸಿದರು. ಚಾಲೂ.

ಎಸ್‌ಎಂಪಿಎಸ್ಸಿನ ಫ್ಯಾನ್ ನಡುಗಿತು. ಗಿರ್ರೆಂದು ತಿರುಗಿತು. ಧೂಳು ಮುಖಕ್ಕೆ ಎರಚಿತು.

ಎಸ್‌ಎಂಪಿಎಸ್ ನಿರಪರಾಧಿ. ಅದರ ಮುಂದೆ ಯಾರೋ 5 ವೋಲ್ಟನ್ನು ನೆಲಕ್ಕೆ ಚೆಲ್ಲುತ್ತಿದ್ದಾರೆ. ಅದು ತನ್ನನ್ನು ತಾನು ಉಳಿಸಿಕೊಳ್ಳಲು ಕೈ ಎತ್ತುತ್ತಿದೆ. ಕಳ್ಳ ಬೋರ್ಡಿನ ಕಡೆ ಇದ್ದಾನೆ. ಎಲ್ಲಿ?

ಹುಡುಕಾಟಕ್ಕೆ ಒಂದೇ ನೇಮ. ಸ್ವಿಚ್ಚು ಬಂದ್. ಒಂದು ವಸ್ತು ಕೀಳು. ಚಾಲೂ. ಮೀಟರ್ ಓದು. ಒಂದು ಸಲಕ್ಕೆ ಒಂದೇ. ಎರಡು ಒಟ್ಟಿಗೆ ಕಿತ್ತರೆ ಕಳ್ಳ ಯಾರೆಂದು ತಿಳಿಯದು. ಅವಸರ ಮಾಡಿದವನಿಗೆ ಈ ಕಾಡಿನಲ್ಲಿ ದಾರಿ ಇಲ್ಲ. ಗಡಿಯಾರ ಒಂಬತ್ತು ದಾಟಿತ್ತು. ಕಾಕಾ ಅವಸರ ಮಾಡಲಿಲ್ಲ.

ಕನೆಕ್ಟರು ಬೋರ್ಡಿಗೆ ಮರಳಿತು. ಕೀಬೋರ್ಡು ಕಿತ್ತರು. 0.6. ಮೌಸು. 0.6. ಪ್ರಿಂಟರಿನ ಕೇಬಲ್. 0.6. ಇಂಟರ್ನೆಟ್ಟಿನ ತಂತಿ. 0.6. ಹಾರ್ಡ್‌ಡಿಸ್ಕು. 0.6. ರ‍್ಯಾಮ್ ಪಟ್ಟಿ. 0.6.

ಹೊರಗೆ ಸಾಲಿನ ಬಾಲ ಕರಗತೊಡಗಿತು. "ಬೋರ್ಡ್ ಹೋತು ಬಿಡ್ರಿ." ಬೋರ್ಡಿನ ಮೇಲೆ ಕೀಳಲು ಏನೂ ಉಳಿದಂತಿರಲಿಲ್ಲ. ಟಾರ್ಚು ಹಿಡಿದ ಕೈಗಳು ಜೋತುಬಿದ್ದವು.

ಕಾಕಾ ಕೈ ಇಳಿಸಲಿಲ್ಲ. ಬೋರ್ಡಿನ ತಳದ ಅಂಚಿನಲ್ಲಿ ಧೂಳಿನೊಳಗೆ ಒಂದು ಕಪ್ಪು ಕನೆಕ್ಟರು. ಒಂಬತ್ತೇ ಪಿನ್ನು, ಉಗುರಗಲ. ಅಲ್ಲಿಂದ ಹೊರಟ ತಂತಿ ಪೆಟ್ಟಿಗೆಯ ಮುಂಭಾಗಕ್ಕೆ ಓಡುತ್ತಿತ್ತು.

ಇಂಥ ಒಂದು ಚೂರಿನ ಮೇಲೆ ಇಡೀ ಚಂದ್ರಯಾತ್ರೆಯೇ ನಿಂತದ್ದುಂಟು. 1969ರ ನವೆಂಬರ್ 14. ಮಳೆಮೋಡದೊಳಗೆ ಅಮೆರಿಕದ ಅಪೊಲೊ 12 ನೌಕೆ ಚಿಮ್ಮಿತು. 36.5ನೇ ಸೆಕೆಂಡಿಗೆ ಸಿಡಿಲು. 52ನೇ ಸೆಕೆಂಡಿಗೆ ಇನ್ನೊಂದು. ಕರೆಂಟು ಕೊಡುವ ಫ್ಯೂಯೆಲ್ ಸೆಲ್ಲುಗಳು ಕಳಚಿಕೊಂಡವು. ಹ್ಯೂಸ್ಟನ್ನಿನ ನಿಯಂತ್ರಣ ಕೊಠಡಿಯ ಪರದೆಗಳ ಮೇಲೆ ಅರ್ಥವಿಲ್ಲದ ಅಂಕಿಗಳು. ಅಲ್ಲಿ ಕೆಲಸಕ್ಕಿದ್ದ 26 ವರ್ಷದ ಜಾನ್ ಆರನ್ ಊಹಿಸುತ್ತ ಕೂರಲಿಲ್ಲ. ಹಿಂದೆ ಒಂದು ಪರೀಕ್ಷೆಯಲ್ಲಿ ಇದೇ ಅಂಕಿಗಳನ್ನು ಕಂಡಿದ್ದರು, ಕಾರಣ ಬೆನ್ನಟ್ಟಿ ತಿಳಿದಿದ್ದರು. ಎಸ್‌ಸಿಇ ಎಂಬ ಸ್ವಿಚ್ಚನ್ನು ಪರ್ಯಾಯಕ್ಕೆ ತಿರುಗಿಸಿ ಎಂದರು. ಹೆಚ್ಚಿನವರಿಗೆ ಆ ಸ್ವಿಚ್ಚಿನ ಹೆಸರೇ ಗೊತ್ತಿರಲಿಲ್ಲ. ಗಗನಯಾತ್ರಿ ಅಲನ್ ಬೀನ್‌ಗೆ ಗೊತ್ತಿತ್ತು. ಟಕ್. ಅಂಕಿಗಳು ಮರಳಿದವು. ನೌಕೆ ಚಂದ್ರನಿಗೆ ಹೋಯಿತು.

ಹುಲಗೂರಿನಲ್ಲಿ ಸ್ವಿಚ್ಚು ಬಂದ್ ಆಯಿತು. ಪಕ್ಕಡದ ಮೂತಿ ಆ ಕಪ್ಪು ಕನೆಕ್ಟರನ್ನು ಕಚ್ಚಿತು. ಎಳೆಯಿತು. ಚಾಲೂ.

ಮೀಟರ್ ನೋಡುವ ಅಗತ್ಯವೇ ಬರಲಿಲ್ಲ. ಬೋರ್ಡಿನ ಮೂಲೆಯಲ್ಲಿ ಹಸಿರು ದೀಪ ಹತ್ತಿತು.

ಕೂಗು ತಗಡಿನ ಮೇಲಿನ ಮಳೆಯನ್ನೂ ಮೀರಿತು. ಕಾಕಾ ಮುಂಭಾಗದ ಯುಎಸ್‌ಬಿ ತೂತಿಗೆ ಟಾರ್ಚು ಹಿಡಿದರು. ಒಳಗಿನ ಪ್ಲಾಸ್ಟಿಕ್ ನಾಲಗೆ ಮುರಿದಿತ್ತು. ಲೋಹದ ಎಳೆ ಬಾಗಿ ಹೊರಗಿನ ತಗಡಿಗೆ ತಾಗಿತ್ತು. ಹೆಬ್ಬೆಟ್ಟಿನ ಯಂತ್ರವನ್ನು ದಿನವಿಡೀ ಸಿಕ್ಕಿಸಿ ಕಿತ್ತು ಸಿಕ್ಕಿಸಿ ಆದ ಗಾಯ. ಯುಎಸ್‌ಬಿ ತೂತಿಗೂ ಈ ಬೋರ್ಡಿನಲ್ಲಿ ಅದೇ ಕಾವಲಿನ 5 ವೋಲ್ಟು ಹರಿಯುತ್ತದೆ. ಅದು ನೇರ ನೆಲಕ್ಕೆ ಇಳಿಯುತ್ತಿತ್ತು. ಕಳ್ಳ ಸಿಕ್ಕಿಬಿದ್ದ.

ಕಿತ್ತದ್ದನ್ನೆಲ್ಲ ಜೋಡಿಸಿದರು. ಯುಎಸ್‌ಬಿ ತಂತಿಯನ್ನು ಮಾತ್ರ ಟೇಪು ಸುತ್ತಿ ಮೂಲೆಗೆ ತಳ್ಳಿದರು. ಹುಡುಗ ಗುಂಡಿ ಒತ್ತಿದ.

ಏನೂ ಆಗಲಿಲ್ಲ.

ಹಸಿರು ದೀಪ ಉರಿಯುತ್ತಿದೆ, ಕಾವಲುಗಾರ ಎದ್ದು ನಿಂತಿದ್ದಾನೆ, ಗುಂಡಿ ಮಾತ್ರ ಕೂಗುತ್ತಿಲ್ಲ. ಸಂಜೆಯಿಂದ ಹೆದರಿದ ಕೈಗಳು ಅದನ್ನು ಅದುಮಿ ಅದುಮಿ ಒಳಗಿನ ಸಣ್ಣ ಸ್ವಿಚ್ಚನ್ನೇ ಜಜ್ಜಿದ್ದವು. ಕಾಕಾ ಬೋರ್ಡಿನ ಅಂಚಿಗೆ ಟಾರ್ಚು ತಂದರು. ಸೂಜಿಯಂಥ ಪಿನ್ನುಗಳ ಗುಂಪು. ಪಕ್ಕದಲ್ಲಿ ಸಾಸಿವೆ ಗಾತ್ರದ ಅಕ್ಷರ: ಪಿಡಬ್ಲ್ಯುಆರ್. ಗುಂಡಿಯ ತಂತಿ ಅಲ್ಲಿಂದ ಕಿತ್ತರು. ಎರಡು ಪಿನ್ನು ಬೆತ್ತಲಾದವು. ಸ್ಕ್ರೂಡ್ರೈವರಿನ ಮೊನೆ ಇಳಿಯಿತು. ಅಕ್ಕಪಕ್ಕ ಬೇರೆ ಪಿನ್ನುಗಳು, ನಡುವೆ ಕೂದಲಗಲ ಜಾಗ. ಕೈ ನಡುಗುವಂತಿಲ್ಲ.

ಮೊನೆ ಎರಡನ್ನೂ ಮುಟ್ಟಿತು.

ಗರ್ರ್! ಎಲ್ಲ ಫ್ಯಾನುಗಳೂ ಒಟ್ಟಿಗೆ ಎದ್ದವು.

ಎದ್ದದ್ದೇನೋ ಸರಿ, ಪ್ರತಿ ಸಲ ಸ್ಕ್ರೂಡ್ರೈವರ್ ಚುಚ್ಚುವುದೆ? ಕಾಕಾ ರೀಸೆಟ್ ಗುಂಡಿಯ ತಂತಿ ಎಳೆದು ತಂದು ಪವರಿನ ಪಿನ್ನಿಗೆ ತೊಡಿಸಿದರು. ಎರಡೂ ಗುಂಡಿಗಳ ಕೆಲಸ ಒಂದೇ, ಒತ್ತಿದಾಗ ಎರಡು ಪಿನ್ನು ಕೂಡಿಸುವುದು. ಅಂದಿನಿಂದ ಆ ಪೆಟ್ಟಿಗೆಯಲ್ಲಿ ರೀಸೆಟ್ ಗುಂಡಿಯೇ ಪವರ್ ಗುಂಡಿ.

ಅಷ್ಟರಲ್ಲಿ ಪೆಟ್ಟಿಗೆ ಚೀರಿತು. ಬೀಈಈಪ್. ನಿಂತಿತು. ಬೀಈಈಪ್. ಪರದೆ ಕಪ್ಪು.

ರ‍್ಯಾಮ್! ಕಿತ್ತು ಮರಳಿ ಕೂರಿಸುವಾಗ ಕಚ್ಚಿಲ್ಲ. ಬಂದ್ ಮಾಡಿ ಪಟ್ಟಿ ಎಳೆದರು. ಡಿಡಿಆರ್3. 240 ಚಿನ್ನದ ಬಣ್ಣದ ಕಾಲುಗಳು, ಮಳೆಗಾಲದ ತೇವಕ್ಕೆ ಮಂಕಾಗಿವೆ. "ಯಾರ ಹತ್ರ ರಬ್ಬರ್ ಐತ್ರಿ?" ಅಪ್ಪನ ಜೊತೆ ಬಂದ ಹುಡುಗಿಯೊಬ್ಬಳು ಪಾಟೀಚೀಲ ಬಿಚ್ಚಿದಳು. ಪೆನ್ಸಿಲ್ ಅಳಿಸುವ ರಬ್ಬರು ಕಾಲುಗಳ ಮೇಲೆ ಓಡಿತು, ಹೊಳಪು ಬಂತು. ಪುಡಿ ಊದಿದರು. ಪಟ್ಟಿ ತಗ್ಗಿಗಿಳಿಯಿತು. ಎರಡೂ ಹೆಬ್ಬೆರಳು ಒತ್ತಿದವು. ಟಕ್. ಟಕ್. ಎರಡೂ ಕೊಂಡಿ ಬಿದ್ದವು.

ಒಂದು ಚಿಕ್ಕ ಬೀಪ್. ಪರದೆಯ ಮೇಲೆ ಅಕ್ಷರ ಹರಿದವು. ವಿಂಡೋಸ್ ತೆರೆಯಿತು.

ಪೋರ್ಟಲ್ ತೆರೆಯಲಿಲ್ಲ.

ಸಂಪರ್ಕ ಸುರಕ್ಷಿತವಲ್ಲ ಎಂದು ಬ್ರೌಸರ್ ಕೆಂಪು ಗೆರೆ ಎಳೆಯಿತು. ಹುಡುಗ ಮತ್ತೆ ಒತ್ತಿದ. ಮತ್ತೆ ಕೆಂಪು. ಇಂಟರ್ನೆಟ್ ಇದೆ, ಯಂತ್ರ ಎದ್ದಿದೆ, ಜಾಲತಾಣ ಒಳಗೆ ಬಿಡುತ್ತಿಲ್ಲ. ಹತ್ತೂವರೆ ಹೊಡೆಯಿತು. ಕಾಕಾ ಪರದೆಯ ಬಲತುದಿಗೆ ಬೆರಳು ಚಾಚಿದರು.

"ತಾರೀಖ ನೋಡೋ ತಮ್ಮಾ."

ಜನವರಿ 1. ವರ್ಷ 2009.

ಸುರಕ್ಷಿತ ಜಾಲತಾಣಕ್ಕೆ ಒಂದು ಪ್ರಮಾಣಪತ್ರ. ಅದಕ್ಕೆ ಆರಂಭದ ತಾರೀಖು, ಮುಗಿಯುವ ತಾರೀಖು. 2009ರಲ್ಲಿ ನಿಂತ ಯಂತ್ರಕ್ಕೆ ಆ ಪತ್ರ ಇನ್ನೂ ಹುಟ್ಟೇ ಇಲ್ಲ. ಕಾರಣ ಬೋರ್ಡಿನ ಮೇಲಿನ ಬಿಲ್ಲೆ ಸೆಲ್ಲು, ಸಿಆರ್2032. 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ, 3 ವೋಲ್ಟು. ಪ್ಲಗ್ ಕಿತ್ತಾಗ ಗಡಿಯಾರ ನಡೆಸುವುದು ಅದು. ಅದು ಬಹಳ ಹಿಂದೆಯೇ ಸತ್ತಿತ್ತು. ಗೋಡೆಗೆ ಸಿಕ್ಕಿಸಿದ್ದಷ್ಟು ಕಾಲ ಕಾವಲಿನ 5 ವೋಲ್ಟೇ ಗಡಿಯಾರವನ್ನೂ ನಡೆಸುತ್ತದೆ. ಯುಪಿಎಸ್ ಗಟ್ಟಿಯಿದ್ದಷ್ಟು ದಿನ ಯಾರಿಗೂ ತಿಳಿಯಲಿಲ್ಲ.

ಹುಡುಗ ತಾರೀಖು ತಿದ್ದಿದ. ಕೆಂಪು ಗೆರೆ ಮಾಯ. ಪೋರ್ಟಲ್ ತೆರೆಯಿತು. ಮುರಿದ ತೂತು ಬಿಟ್ಟು ಬೆನ್ನಿನ ತೂತಿಗೆ ಹೆಬ್ಬೆಟ್ಟಿನ ಯಂತ್ರ ಸಿಕ್ಕಿಸಿದರು. ಮೊದಲ ಅರ್ಜಿ ಹೋಯಿತು.

ಕಾಕಾ ಕೂರಲಿಲ್ಲ. ಹೊರಗೆ ಗಾಳಿ ಎದ್ದಿತ್ತು. ಬಲ್ಬು ಮಂಕಾಗುತ್ತಿತ್ತು, ಏರುತ್ತಿತ್ತು. ಈಗ ಕರೆಂಟು ಹೋದರೆ ಯಂತ್ರ ಬೀಳುತ್ತದೆ, ತಾರೀಖು ಬೀಳುತ್ತದೆ, ಅರೆಬರೆ ತುಂಬಿದ ಅರ್ಜಿ ಬೀಳುತ್ತದೆ. ಯುಪಿಎಸ್ ಬೇಕು. ಅದರ ಬ್ಯಾಟರಿ ಹೊಟ್ಟೆ ಉಬ್ಬಿ ಸತ್ತಿದೆ.

"12 ವೋಲ್ಟಿಂದು, ಇಷ್ಟ ಗಾತ್ರದ್ದು, ಯಾರಲ್ಲರ ಐತೇನ್ರಿ?"

ಸಾಲಿನ ನಡುವಿನಿಂದ ಒಬ್ಬ ಯಜಮಾನ ಬಗ್ಗಿ ನೋಡಿದ. "ಎಣ್ಣಿ ಹೊಡಿಯೋ ಪಂಪಿನ್ಯಾಗ ಇಂಥಾದ್ದ ಐತಲ್ರಿ!"

ಬೆನ್ನಿಗೆ ಹೊರುವ ಬ್ಯಾಟರಿ ಪಂಪು. ಹತ್ತಿಗೆ, ಮೆಣಸಿನಗಿಡಕ್ಕೆ ಔಷಧ ಸಿಂಪಡಿಸುವ ಪಂಪು. ಅದರ ತಳದಲ್ಲಿ 12 ವೋಲ್ಟ್, 8 ಆಂಪಿಯರ್-ಅವರ್ ಬ್ಯಾಟರಿ. ಯುಪಿಎಸ್ಸಿನದರ ಸೋದರ. ಬೈಕು ಕಿಕ್ ಹೊಡೆಯಿತು, ಮಳೆಯಲ್ಲಿ ಮರೆಯಾಯಿತು. ಇತ್ತ ಕಾಕಾ ಸತ್ತ ಬ್ಯಾಟರಿ ಕಿತ್ತು ತಂತಿ ಸವರಿ ಸಜ್ಜಾದರು. ಬೈಕು ಮರಳಿತು. ಪಂಪು ಔಷಧದ ವಾಸನೆ ಹೊತ್ತು ಬಂತು. ಬ್ಯಾಟರಿ ಹೊರಬಿತ್ತು.

ಹುಡುಗ ತಂತಿ ಹಿಡಿದು ಮುಂದೆ ಬಂದ. ಕೆಂಪು ತಂತಿ ಕಪ್ಪು ಗುರುತಿನತ್ತ ಚಾಚಿತು. ಇನ್ನು ಎರಡು ಬೆರಳಗಲ.

"ಏಯ್! ಕೆಂಪು ಕೆಂಪಿಗೆ!"

ಉಲ್ಟಾ ಕೊಟ್ಟಿದ್ದರೆ ಕಿಡಿ, ಸುಟ್ಟ ಯುಪಿಎಸ್. ತಂತಿ ತಿರುಗಿತು, ಕಚ್ಚಿತು. ಯುಪಿಎಸ್ ಚಾಲೂ. ಹಸಿರು. ಈಗ ಪೆಟ್ಟಿಗೆಯನ್ನು ಗೋಡೆಯಿಂದ ಕಿತ್ತು ಅದಕ್ಕೆ ಕೊಡಬೇಕು. ನಡೆದ ಯಂತ್ರವನ್ನು ನಿಲ್ಲಿಸಬೇಕು. ಎದೆ ಗಟ್ಟಿ ಮಾಡಿ ನಿಲ್ಲಿಸಿದರು. ಪ್ಲಗ್ ಬದಲಿಸಿದರು. ಮಾನಿಟರನ್ನೂ ವೈಫೈ ಡಬ್ಬಿಯನ್ನೂ ಜೊತೆಗೆ ಸಿಕ್ಕಿಸಿದರು. ರೀಸೆಟ್ ಗುಂಡಿ ಒತ್ತಿದರು. ಎದ್ದಿತು. ತಾರೀಖು ತಿದ್ದಿದರು. ಪೋರ್ಟಲ್ ತೆರೆದರು. ಅರ್ಜಿಗಳು ಓಡತೊಡಗಿದವು.

ಹನ್ನೊಂದು ದಾಟಿತು. ಹೊರಗೆ ಫಳ್ ಎಂದು ಮಿಂಚಿತು. ಇಡೀ ಊರು ಕತ್ತಲಾಯಿತು.

ಪರದೆ ಉರಿಯುತ್ತಲೇ ಇತ್ತು.

ಬೀಪ್, ಬೀಪ್, ಯುಪಿಎಸ್ ಎಣಿಸತೊಡಗಿತು. 12 ವೋಲ್ಟನ್ನು 8 ಆಂಪಿಯರ್-ಅವರಿಂದ ಗುಣಿಸಿದರೆ 96 ವ್ಯಾಟ್-ಅವರ್. ಅದು ಕಾಗದದ ಲೆಕ್ಕ. ಪೆಟ್ಟಿಗೆ, ಪರದೆ ಎಳೆಯುವ ರಭಸಕ್ಕೆ ಇಪ್ಪತ್ತು ನಿಮಿಷ ಸಿಕ್ಕರೆ ಪುಣ್ಯ. ಪ್ರಿಂಟರ್ ಬಂದ್. ಪರದೆಯ ಬೆಳಕು ಅರ್ಧಕ್ಕಿಳಿಯಿತು. ಒಬ್ಬರು ಪಹಣಿ ಓದಿದರು, ಒಬ್ಬರು ಪಾಸ್‌ಬುಕ್ಕಿಗೆ ಟಾರ್ಚು ಹಿಡಿದರು, ಹುಡುಗನ ಬೆರಳು ಹಾರಿದವು. ಸರ್ವೆ ನಂಬರು. ಬೆಳೆ. ಖಾತೆ. ಒತ್ತು. ಮುಂದಿನವರು. ಸರ್ವೆ ನಂಬರು. ಬೆಳೆ. ಖಾತೆ. ಒತ್ತು.

ಬೀಪಿನ ನಡೆ ಬದಲಾಯಿತು. ಬೀಬೀಬೀಬೀ. ಬ್ಯಾಟರಿಯ ಕೊನೆಯುಸಿರು. ಹುಡುಗ ಕೊನೆಯ ಅಂಕಣದಲ್ಲಿದ್ದ. "ಒತ್ತೋ!" ಒತ್ತಿದ. ಪರದೆಯ ಮೇಲೆ ಚಕ್ರ ತಿರುಗಿತು. ತಿರುಗಿತು. ತಿರುಗುತ್ತಲೇ ಇತ್ತು.

ಊರಿನ ದೀಪಗಳು ಭಗ್ಗೆಂದು ಹತ್ತಿದವು. ಬೀಪ್ ಬಾಯಿ ಮುಚ್ಚಿತು. ಚಕ್ರ ನಿಂತಿತು. ಅರ್ಜಿ ಸ್ವೀಕೃತವಾಗಿತ್ತು.

ಕಟ್ಟೆಯ ಮೇಲೆ ನಿಂತ ಕೊನೆಯ ರೈತನ ರಸೀದಿ ಪ್ರಿಂಟರಿನಿಂದ ಹೊರಬಿದ್ದಾಗ ಗಡಿಯಾರಕ್ಕೆ 12 ಹೊಡೆಯಲು ಇನ್ನೂ ಪುರಸತ್ತಿತ್ತು. ಹೊಸ ಮದರ್‌ಬೋರ್ಡ್ ಕೊಳ್ಳಲಿಲ್ಲ. ಹೊಸ ಎಸ್‌ಎಂಪಿಎಸ್ ಕೊಳ್ಳಲಿಲ್ಲ. ಸತ್ತ ಪೆಟ್ಟಿಗೆಯನ್ನು ಎಬ್ಬಿಸಿದ್ದು ಒಂದು ಬಲ್ಬು, ಕೆರೆದ ತಾಮ್ರದ ತಂತಿ, ಶಾಲೆಯ ರಬ್ಬರು, ಒಂದು ಸಲಕ್ಕೆ ಒಂದನ್ನೇ ಕೀಳುವ ಹಟ. ಅನುಮಾನವನ್ನು ಹತ್ತಾರು ಕಡೆ ಹರಿಯಗೊಡದೆ ಗೋಡೆಯಿಂದ ಒಳಗೆ ಹೆಜ್ಜೆ ಹೆಜ್ಜೆಗೆ ಅಳೆದು ನಡೆದ ತಾಳ್ಮೆ.

ಜನ ಚಹಾ ಎಂದರು, ಚಪ್ಪಾಳೆ ಎಂದರು. ಕಾಕಾ ಹಿಂಗೈಯನ್ನು ಪೆಟ್ಟಿಗೆಯ ಬರಿ ತಗಡಿಗೆ ಸವರಿದರು. ಝುಂ ಎಂದಿತು. ಕೈ ಹಿಂದೆಗೆದರು.

"ಇನ್ನೂ ಮುಗಿದಿಲ್ರಿ. ಅರ್ಥಿಂಗ್ ಇಲ್ಲ."

ಸಂಜೆ ಮೀಟರಿನಲ್ಲಿ ಕುಣಿದ ಅಂಕಿ ಅದೇ. ಗೋಡೆಯ ದಪ್ಪ ತೂತಿನ ಹಿಂದಿನ ತಂತಿ ಎಲ್ಲಿಗೂ ಹೋಗಿರಲಿಲ್ಲ. ಅರ್ಥಿಂಗ್ ಇಲ್ಲದ ಪೆಟ್ಟಿಗೆಯಲ್ಲಿ ಎಸ್‌ಎಂಪಿಎಸ್ಸಿನ ಫಿಲ್ಟರು ಗೋಡೆಯ ವೋಲ್ಟೇಜಿನ ಹತ್ತಿರ ಹತ್ತಿರ ಅರ್ಧವನ್ನು ತಗಡಿಗೆ ತಂದು ನಿಲ್ಲಿಸುತ್ತದೆ. ಕರೆಂಟು ಅತಿ ಸಣ್ಣದು, ಕೈಗೆ ಬರೀ ಝುಮ್ಮೆನಿಸುತ್ತದೆ. ಒಳಗೆ ನಿಜವಾಗಿ ಏನಾದರೂ ಸುಟ್ಟು ಫೇಸ್ ತಗಡಿಗೆ ತಾಗಿದ ದಿನ ಝುಮ್ಮಿಗೆ ನಿಲ್ಲುವುದಿಲ್ಲ.

ಬೆಳಗಾಯಿತು. ಮಳೆ ಬಿಟ್ಟಿತು. ಅಂಗಡಿಯ ಹಿಂದೆ ಹಾರೆ ಬಿತ್ತು. ನೆಂದ ಮಣ್ಣು ಬಿರಿಯಿತು. ಗುಂಡಿ ಆಳಕ್ಕಿಳಿಯಿತು. 40 ಮಿಲಿಮೀಟರ್ ದಪ್ಪ, 2.5 ಮೀಟರ್ ಉದ್ದದ ಜಿಐ ಪೈಪು ನಿಂತಿತು. ಸುತ್ತ ಒಂದು ಪದರ ಇದ್ದಿಲು, ಒಂದು ಪದರ ಉಪ್ಪು, ಮತ್ತೆ ಇದ್ದಿಲು, ಮತ್ತೆ ಉಪ್ಪು. ತಂತಿ ಬಿಗಿದರು, ಗೋಡೆ ದಾಟಿಸಿದರು, ದಪ್ಪ ತೂತಿಗೆ ಕಟ್ಟಿದರು. ಪೆನ್ನು ತೂರಿಸಿದ ತರುಣನೇ ಕೊಡ ಹೊತ್ತು ನೀರು ಸುರಿದ.

ಮೀಟರಿನ ಕಡ್ಡಿ ಇಳಿಯಿತು. ಫೇಸ್‌ನಿಂದ ನ್ಯೂಟ್ರಲ್‌ಗೆ 221. ಫೇಸ್‌ನಿಂದ ಅರ್ಥಿಗೆ 219. ಅಂಕಿ ಕುಣಿಯಲಿಲ್ಲ. ಕಾಕಾ ಪೆಟ್ಟಿಗೆಯ ತಗಡಿಗೆ ಹಿಂಗೈ ಇಟ್ಟರು. ಒತ್ತಿ ಇಟ್ಟರು. ಆಮೇಲೆ ಡಬ್ಬಿ ಮುಚ್ಚಿದರು.

"ಈಗ ಹೋಗಿ ಆ ಎರಡ ವಸ್ತು ತಗೊಂಬಾ ತಮ್ಮಾ. ಒಂದು ಬಿಲ್ಲೆ ಸೆಲ್ಲು, ಯುಪಿಎಸ್ಸಿಗೊಂದು ಬ್ಯಾಟರಿ. ಯಜಮಾನ್ರ ಪಂಪು ಮೊದಲ ಮುಟ್ಟಸು. ಅವರ ಹತ್ತಿಗೆ ಇವತ್ತ ಎಣ್ಣಿ ಹೊಡೀಬೇಕು."